ಬರೆದಿಟ್ಟ ಕ್ರಮದಲ್ಲೇ ನಡೆಯುವ ಕೆಲಸ: ಮಾತ್ರೆ ಕಾರ್ಖಾನೆಯಲ್ಲಿ ನನಗೆ ಹೊಂದುವ ಜಾಗ ಸಿಕ್ಕ ಬಗೆ

ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ನಾನು ತುಂಬಿದ ವೃತ್ತಿ ಅಭಿರುಚಿಯ ಪ್ರಶ್ನಾವಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ತೀರ್ಪು ಕೊಡುತ್ತಿದ್ದವು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಆಧರಿಸಿದ ಇಂಥ ಪ್ರಶ್ನಾವಳಿಗಳು ಜನರ ವೃತ್ತಿ ಸ್ವಭಾವವನ್ನು ಆರು ಬಗೆಯಾಗಿ ವಿಂಗಡಿಸುತ್ತವೆ. ಅವುಗಳಲ್ಲಿ ಒಂದು, ಮೊದಲೇ ಗೊತ್ತುಪಡಿಸಿದ ಕ್ರಮ, ಸ್ಪಷ್ಟವಾದ ನಿಯಮ, ಅಚ್ಚುಕಟ್ಟಾದ ದಾಖಲೆ ಇವುಗಳ ನಡುವೆ ನೆಮ್ಮದಿಯಿಂದ ದುಡಿಯುವವರ ಬಗೆ. ನಾನು ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ತೊಂದರೆಯೆಂದರೆ, ಆ ಬಗೆಯವರಿಗೆಂದು ಸೂಚಿಸುವ ಉದ್ಯೋಗಗಳ ಪಟ್ಟಿಯಲ್ಲಿ ಲೆಕ್ಕಪತ್ರ, ಬ್ಯಾಂಕು, ಕಚೇರಿ ಗುಮಾಸ್ತಿಕೆಗಳೇ ಮುಂದೆ ಕಾಣುತ್ತವೆ. ಕಾರ್ಖಾನೆಯೆಂದರೆ ಯಂತ್ರ ಬಿಚ್ಚಿ ಜೋಡಿಸುವ ಕೈಚಳಕ ಇರುವವರ ಜಾಗವೆಂದು ಅದನ್ನು ಬೇರೆ ಗುಂಪಿಗೆ ಸೇರಿಸಿಬಿಡುತ್ತಾರೆ. ದಿನವಿಡೀ ಕುರ್ಚಿಯಲ್ಲಿ ಕೂರುವುದು ನನ್ನಿಂದಾಗದ ಮಾತಾಗಿದ್ದರಿಂದ, ಆ ಪಟ್ಟಿಯನ್ನು ಬದಿಗಿಟ್ಟು, ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ತರಬೇತಿಗೆ ಸೇರಿಕೊಂಡೆ. ಅಲ್ಲಿ ಹೊಸಬರನ್ನು ಒಂದೇ ವಿಭಾಗಕ್ಕೆ ಕಟ್ಟಿಹಾಕದೆ, ಉಗ್ರಾಣದಿಂದ ಪ್ಯಾಕಿಂಗ್‌ವರೆಗೆ ಒಂದೊಂದರಲ್ಲೂ ಕೆಲಕಾಲ ಇರಿಸಿ, ಆಮೇಲೆ ಖಾಯಂ ಜಾಗ ಗೊತ್ತುಮಾಡುವ ಪದ್ಧತಿಯಿತ್ತು. ಕಾರ್ಖಾನೆಯ ಕೆಲಸಗಳೆಲ್ಲ ಒಂದೇ ಅಳತೆಯಲ್ಲಿ 'ನಿಯಮದ ಕೆಲಸ'ಗಳಲ್ಲವೆಂದು, ಅವುಗಳ ನಡುವೆ ಅಜಗಜಾಂತರವಿದೆಯೆಂದು ನನಗೆ ತಿಳಿದದ್ದು ಆ ಸುತ್ತಾಟದಿಂದಲೇ.

ಆಯ್ಕೆಯ ಹಂತದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಂಕಿಗಳ ಕೋಷ್ಟಕವೊಂದನ್ನು ಹಾಗೆಯೇ ನಕಲು ಮಾಡುವುದು, ಒಂದಕ್ಕೊಂದು ಹೋಲುವ ಬ್ಯಾಚ್ ಸಂಖ್ಯೆಗಳ ಜೋಡಿಗಳಲ್ಲಿ ವ್ಯತ್ಯಾಸ ಗುರುತಿಸುವುದು, ಒಂದು ಪುಟದ ಸೂಚನೆಗಳನ್ನು ಓದಿ ಅದೇ ಕ್ರಮದಲ್ಲಿ ಡಬ್ಬಿಗಳನ್ನು ಜೋಡಿಸುವುದು, ಇಷ್ಟೇ ಪರೀಕ್ಷೆ. ಸಂದರ್ಶನದಲ್ಲಿ ಮಾತ್ರ ಒಂದು ಪ್ರಶ್ನೆ ತೂಕದ್ದಾಗಿತ್ತು: ಮೇಲ್ವಿಚಾರಕರು ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಬರೆದಿರುವುದು ಇನ್ನೊಂದು ಆದರೆ ಏನು ಮಾಡುತ್ತೀರಿ? ಬರೆದಿರುವುದನ್ನು ಮಾಡುತ್ತೇನೆ ಎಂಬ ಉತ್ತರವೂ, ಹಿರಿಯರ ಮಾತು ಕೇಳುತ್ತೇನೆ ಎಂಬ ಉತ್ತರವೂ ಅಲ್ಲಿ ಪೂರ್ತಿ ಅಂಕ ಪಡೆಯುವುದಿಲ್ಲ. ಕೆಲಸ ನಿಲ್ಲಿಸಿ, ಗುಣಮಟ್ಟ ವಿಭಾಗದವರನ್ನು ಕರೆಸುವುದೇ ಅವರಿಗೆ ಬೇಕಾಗಿದ್ದ ಉತ್ತರ ಎಂಬುದು ಒಳಗೆ ಹೋದ ಮೇಲೆ ಅರ್ಥವಾಗುತ್ತದೆ.

ಮೊದಲ ದಿನಗಳೆಲ್ಲ ಓದಿನಲ್ಲಿ ಕಳೆದವು. ಕಾರ್ಖಾನೆಯಲ್ಲಿ ಎಸ್‌ಒಪಿ ಎಂದು ಕರೆಯುವ ಲಿಖಿತ ಕಾರ್ಯವಿಧಾನಗಳ ಕಡತಗಳನ್ನು ಮೇಜಿನ ಮೇಲಿಟ್ಟು ಓದಲು ಕೂರಿಸುತ್ತಾರೆ. ಪ್ರತಿಯೊಂದರ ಮೈಕಟ್ಟೂ ಒಂದೇ: ಉದ್ದೇಶ, ವ್ಯಾಪ್ತಿ, ಯಾರ ಹೊಣೆ, ಹೆಜ್ಜೆಹೆಜ್ಜೆಯ ವಿಧಾನ, ಜೊತೆಗೆ ಲಗತ್ತಿಸಿದ ನಮೂನೆಗಳು, ಕೊನೆಯಲ್ಲಿ ಆವೃತ್ತಿಗಳ ಇತಿಹಾಸ. ನನ್ನ ಜೊತೆ ಸೇರಿದ್ದವರಲ್ಲಿ ಹಲವರಿಗೆ ಈ ಓದು ಶಿಕ್ಷೆಯಂತೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುತ್ತಿದ್ದವು. ನನಗೆ ಕೊನೆಯ ಪುಟದ ಆವೃತ್ತಿ ಇತಿಹಾಸವೇ ಅತ್ಯಂತ ರುಚಿಕರವಾದ ಭಾಗವೆನಿಸಿತು. ಯಾವ ಹೆಜ್ಜೆಯನ್ನು ಯಾವಾಗ, ಯಾವ ಕಾರಣಕ್ಕೆ ಸೇರಿಸಿದರು ಎಂಬುದು ಅಲ್ಲಿ ಒಂದೆರಡು ಸಾಲಿನಲ್ಲಿ ಇರುತ್ತದೆ, ಮತ್ತು ಅರ್ಥವಿಲ್ಲದ್ದೆಂದು ತೋರುವ ಎಷ್ಟೋ ಹೆಜ್ಜೆಗಳ ಹಿಂದೆ ಹಿಂದೊಮ್ಮೆ ಕೆಟ್ಟುಹೋದ ಒಂದು ಬ್ಯಾಚ್ ಇರುತ್ತದೆ. ಓದಿ ಸಹಿ ಹಾಕಿದರೆ ತರಬೇತಿ ಮುಗಿಯಿತು ಎಂದೇನೂ ಅಲ್ಲ. ಲಿಖಿತ ಪರೀಕ್ಷೆಯಾಗಬೇಕು, ಬಲ್ಲವರು ಮಾಡುವುದನ್ನು ನಿಂತು ನೋಡಬೇಕು, ಅವರ ಕಣ್ಣೆದುರಿಗೆ ತಾನು ಮಾಡಿ ತೋರಿಸಬೇಕು. ಆಮೇಲಷ್ಟೇ ತರಬೇತಿ ಪಟ್ಟಿಯಲ್ಲಿ ಆ ಕೆಲಸದ ಎದುರಿಗೆ ಹೆಸರು ಬರುತ್ತದೆ. ಹೆಸರು ಬರುವ ತನಕ ಯಂತ್ರದ ಗುಂಡಿಯನ್ನೂ ಮುಟ್ಟುವಂತಿಲ್ಲ.

ಉಡುಪು ಬದಲಿಸುವ ಕೋಣೆಯೇ ಸ್ವಭಾವದ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಕೋಣೆಯ ನಡುವೆ ಮೊಣಕಾಲೆತ್ತರದ ಉಕ್ಕಿನ ಬೆಂಚೊಂದು ಅಡ್ಡಲಾಗಿರುತ್ತದೆ. ಬೆಂಚಿನ ಈಚೆಗೆ ಹೊರಗಿನ ಪಾದರಕ್ಷೆ, ಆಚೆಗೆ ಒಳಗಿನ ಪಾದರಕ್ಷೆ. ಬೆಂಚಿನ ಮೇಲೆ ಕುಳಿತು, ಒಂದು ಕಾಲಿನ ಚಪ್ಪಲಿ ಬಿಟ್ಟು, ಆ ಪಾದವನ್ನು ಈಚೆಯ ನೆಲಕ್ಕೆ ತಾಗಿಸದೆ ಆಚೆಗೆ ತಿರುಗಿಸಿ ಒಳಗಿನ ಪಾದರಕ್ಷೆಗೆ ಸೇರಿಸಬೇಕು. ಆಮೇಲೆ ಇನ್ನೊಂದು ಕಾಲು. ಕೈ ತೊಳೆದು, ತಲೆಗವಸು ಹಾಕಿ, ಕೂದಲು ಮತ್ತು ಕಿವಿ ಅದರೊಳಗೆ ಸೇರಿವೆಯೇ ಎಂದು ಕನ್ನಡಿಯಲ್ಲಿ ನೋಡಿಕೊಂಡು, ಮೇಲುಡುಪು ತೊಟ್ಟು, ಮುಖಗವಸು ಕಟ್ಟಿ, ಕೈಗವಸು ಹಾಕಿ, ಸೋಂಕು ನಿವಾರಕ ಸವರಿಕೊಳ್ಳಬೇಕು. ಇದೆಲ್ಲ ನೀರು ಕುಡಿಯಲು ಹೊರಗೆ ಹೋಗಿ ಬಂದಾಗಲೂ ಮೊದಲಿನಿಂದ ಕೊನೆಯವರೆಗೆ ಮತ್ತೆ ನಡೆಯಬೇಕು. ಕೆಲವರಿಗೆ ಎರಡನೇ ವಾರದಲ್ಲೇ ಇದು ಕಿರಿಕಿರಿಯಾಗಿ, ಬೆಂಚನ್ನು ದಾಟುವಾಗ ಕಾಲು ಜಾರತೊಡಗುತ್ತದೆ. ಇನ್ನು ಕೆಲವರಿಗೆ ಆ ಕ್ರಮವೇ ಹೊರಗಿನ ಗದ್ದಲವನ್ನು ಕಳಚಿಡುವ ಸಾಧನವಾಗುತ್ತದೆ. ಎರಡನೆಯ ಗುಂಪಿಗೆ ಸೇರಿದವರು ಈ ಬಗೆಯ ಕಾರ್ಖಾನೆಯಲ್ಲಿ ಉಳಿಯುತ್ತಾರೆ.

ನನ್ನನ್ನು ಮೊದಲು ಹಾಕಿದ್ದು ಡಿಸ್ಪೆನ್ಸಿಂಗ್‌ಗೆ, ಅಂದರೆ ಒಂದು ಬ್ಯಾಚಿಗೆ ಬೇಕಾದ ಕಚ್ಚಾ ಪದಾರ್ಥಗಳನ್ನು ತೂಗಿ ಕೊಡುವ ವಿಭಾಗಕ್ಕೆ. ಹೊರಗಿನವರಿಗೆ ಇದು ಉಗ್ರಾಣದ ಸಾಮಾನ್ಯ ಕೆಲಸವೆನಿಸಬಹುದು. ಆದರೆ ಬರೆದಿಟ್ಟ ಕ್ರಮವನ್ನು ಪ್ರೀತಿಸುವವರಿಗೆ ಇಡೀ ಕಾರ್ಖಾನೆಯಲ್ಲಿ ಇದಕ್ಕಿಂತ ಹೇಳಿಮಾಡಿಸಿದ ಜಾಗ ಇನ್ನೊಂದಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಶಿಫ್ಟಿನ ಆರಂಭದಲ್ಲಿ ಪ್ರಮಾಣಿತ ತೂಕಗಳನ್ನಿಟ್ಟು ತಕ್ಕಡಿಯನ್ನು ಪರಿಶೀಲಿಸಬೇಕು. ತೂಗುವ ಕೋಣೆಯ ಉಷ್ಣಾಂಶ, ತೇವಾಂಶ ಮತ್ತು ಪಕ್ಕದ ಕೋಣೆಗೂ ಈ ಕೋಣೆಗೂ ನಡುವಿನ ಗಾಳಿಯ ಒತ್ತಡದ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಆ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಪಾಸ್ಕಲ್‌ಗಳಷ್ಟಿದ್ದರೂ, ಒಂದು ಕೋಣೆಯ ಪುಡಿ ಇನ್ನೊಂದು ಕೋಣೆಗೆ ನುಗ್ಗದಂತೆ ತಡೆಯುವುದು ಅದೇ. ಒಂದು ಸಲಕ್ಕೆ ಒಂದೇ ಬ್ಯಾಚಿನ ಒಂದೇ ಪದಾರ್ಥ ಒಳಗೆ ಬರಬೇಕು. ಡ್ರಮ್ಮಿನ ಮೇಲಿನ ಲೇಬಲ್ಲನ್ನು ಬ್ಯಾಚ್ ದಾಖಲೆಯೊಂದಿಗೆ ಹೋಲಿಸಿ, ಪದಾರ್ಥದ ಹೆಸರು, ಸಂಕೇತ ಸಂಖ್ಯೆ, ಲ್ಯಾಬ್ ಅನುಮೋದನೆಯ ಸಂಖ್ಯೆ, ಅವಧಿ ಮುಗಿಯುವ ದಿನ ಇವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕಾಗದದ ಮೇಲೆ ಬೆರಳಿಟ್ಟು ನೋಡುತ್ತಾರೆ. ಖಾಲಿ ಚೀಲವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಪುಡಿಯನ್ನು ಹಾಕುತ್ತಾ ಹೋಗಿ, ಅಂಕಿ ನಿಂತ ಮೇಲೆ ಮುದ್ರಿತ ಚೀಟಿ ತೆಗೆದು ದಾಖಲೆಗೆ ಅಂಟಿಸಬೇಕು. ತೂಗಿದವರು ಒಂದು ಸಹಿ, ಪರಿಶೀಲಿಸಿದವರು ಒಂದು ಸಹಿ.

ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಒಂದು ಹೆಜ್ಜೆ ಪೂರ್ತಿ ಮುಗಿಯದೆ ಮುಂದಿನದು ಆರಂಭವಾಗದಿರುವುದು. ಎಷ್ಟೋ ಕೆಲಸಗಳಲ್ಲಿ ನಾಲ್ಕು ಸಂಗತಿಗಳು ಒಟ್ಟಿಗೆ ತೆರೆದಿರುತ್ತವೆ, ಯಾವುದು ಎಲ್ಲಿಗೆ ಬಂತೆಂದು ತಲೆಯಲ್ಲೇ ಇಟ್ಟುಕೊಂಡಿರಬೇಕು. ಇಲ್ಲಿ ನೆನಪಿನ ಹೊರೆಯನ್ನು ಕಾಗದ ಹೊತ್ತಿರುತ್ತದೆ, ಗಮನ ಕೊಡುವುದಷ್ಟೇ ನಮ್ಮ ಪಾಲು. ಬರೆಯುವುದಕ್ಕೂ ಕಟ್ಟುನಿಟ್ಟಿನ ಕ್ರಮವಿದೆ. ಕೆಲಸ ಆದ ಕೂಡಲೇ ಬರೆಯಬೇಕು, ಮೊದಲೇ ಬರೆದಿಡುವಂತಿಲ್ಲ, ಸಂಜೆಗೆ ನೆನಪಿನಿಂದ ತುಂಬಿಸುವಂತಿಲ್ಲ. ಅಂಕಿ ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಕಾರಣ, ಸಹಿ, ದಿನಾಂಕ ಹಾಕಬೇಕು. ಬಿಳಿ ಶಾಯಿ ಬಳಿಯುವುದು, ಅಂಕಿಯ ಮೇಲೆ ಅಂಕಿ ತಿದ್ದುವುದು, ಚೂರು ಕಾಗದದಲ್ಲಿ ಬರೆದುಕೊಂಡು ಆಮೇಲೆ ಏರಿಸುವುದು, ಇವೆಲ್ಲ ಈ ಉದ್ಯಮದಲ್ಲಿ ಗಂಭೀರ ಅಪರಾಧಗಳು. ದಾಖಲೆಯಲ್ಲಿ ಇಲ್ಲದ ಕೆಲಸ ನಡೆದೇ ಇಲ್ಲವೆಂದು ಲೆಕ್ಕ ಎಂದು ಅಲ್ಲಿ ದಿನಕ್ಕೆ ಹತ್ತು ಸಲ ಯಾರಾದರೂ ಹೇಳುತ್ತಿರುತ್ತಾರೆ.

ಮಾತ್ರೆ ಒತ್ತುವ ಕಂಪ್ರೆಷನ್ ವಿಭಾಗದಲ್ಲಿ ನನ್ನ ಅನುಭವ ಮಿಶ್ರವಾಗಿತ್ತು. ತಿರುಗುವ ಯಂತ್ರದಲ್ಲಿ ಮೇಲಿನ ಮತ್ತು ಕೆಳಗಿನ ಪಂಚ್‌ಗಳು ಅಚ್ಚಿನೊಳಗಿನ ಪುಡಿಯನ್ನು ಒತ್ತಿ ಮಾತ್ರೆ ಮಾಡುತ್ತವೆ. ನಿಗದಿತ ಅವಧಿಗೊಮ್ಮೆ ಮಾದರಿ ತೆಗೆದು ತೂಕ, ಗಡಸುತನ, ದಪ್ಪ ನೋಡಿ ಬರೆಯುವುದು ಆಪರೇಟರಿನ ಕೆಲಸ. ಇದರಲ್ಲಿ ಅಳೆಯುವ ಭಾಗ ನನಗೆ ತುಂಬ ಹೊಂದಿತು, ಏಕೆಂದರೆ ಅಲ್ಲಿ ಎಲ್ಲಕ್ಕೂ ಗೆರೆ ಕೊರೆದಿಟ್ಟಿದ್ದಾರೆ. 250 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ ಮಾತ್ರೆಯಾದರೆ, 20 ಮಾತ್ರೆಗಳನ್ನು ಒಂದೊಂದಾಗಿ ತೂಗಿದಾಗ ಸರಾಸರಿಯಿಂದ ಶೇ. 5ಕ್ಕಿಂತ ಹೆಚ್ಚು ಸರಿದವು ಎರಡನ್ನು ಮೀರಬಾರದು, ಅದರ ಇಮ್ಮಡಿಗಿಂತ ಹೆಚ್ಚು ಸರಿದದ್ದು ಒಂದೂ ಇರಬಾರದು ಎಂದು ಬ್ರಿಟಿಷ್ ಫಾರ್ಮಕೋಪಿಯಾದಂಥ ಔಷಧ ಸಂಹಿತೆಗಳು ಹೇಳುತ್ತವೆ. ಮಾತ್ರೆ ಸವೆಯುವುದನ್ನು ನೋಡುವ ಪರೀಕ್ಷೆಯಲ್ಲಿ ಡ್ರಮ್ಮು ನಿಮಿಷಕ್ಕೆ 25 ಸುತ್ತಿನಂತೆ 100 ಸುತ್ತು ತಿರುಗಬೇಕು, ಕಳೆದುಹೋದ ತೂಕ ಸಾಮಾನ್ಯವಾಗಿ ಶೇ. 1ನ್ನು ಮೀರಬಾರದು. ಅಂಕಿ ಗೆರೆಯೊಳಗಿದೆ ಅಥವಾ ಇಲ್ಲ, ವಾದಕ್ಕೆ ಎಡೆಯಿಲ್ಲ.

ಆದರೆ ಯಂತ್ರವನ್ನು ಹೊಂದಿಸುವ ಭಾಗ ಹಾಗಲ್ಲ. ಪುಡಿ ಸ್ವಲ್ಪ ತೇವವಾಗಿದ್ದರೆ ಪಂಚಿಗೆ ಅಂಟಿಕೊಳ್ಳುತ್ತದೆ, ಒಣಗಿದ್ದರೆ ಮಾತ್ರೆಯ ತಲೆ ಕಳಚುತ್ತದೆ. ಅನುಭವಿ ಆಪರೇಟರ್ ಯಂತ್ರದ ಸದ್ದು ಕೇಳಿಯೇ ಒತ್ತಡವನ್ನು ಎಷ್ಟು ತಿರುಗಿಸಬೇಕೆಂದು ಹೇಳುತ್ತಾರೆ, ಮತ್ತು ಆ ಜ್ಞಾನದ ಬಹುಪಾಲು ಯಾವ ಎಸ್‌ಒಪಿಯಲ್ಲೂ ಇಲ್ಲ. ನನಗೆ ಅಲ್ಲಿ ಸಹಾಯಕ್ಕೆ ಬಂದದ್ದು ನಿಯಂತ್ರಣ ನಕ್ಷೆ. ವಾಲ್ಟರ್ ಶೂಹಾರ್ಟ್ 1924ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ರೂಪಿಸಿದ ಈ ಸರಳ ನಕ್ಷೆಯಲ್ಲಿ ಅಳತೆಗಳನ್ನು ಕಾಲಕ್ರಮದಲ್ಲಿ ಚುಕ್ಕೆಯಿಡುತ್ತಾ ಹೋದರೆ, ಯಾವ ಏರಿಳಿತ ಸಹಜವಾದದ್ದು, ಯಾವುದರ ಹಿಂದೆ ಹುಡುಕಬೇಕಾದ ಕಾರಣವಿದೆ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಸಹಜ ಏರಿಳಿತಕ್ಕೆಲ್ಲ ಯಂತ್ರವನ್ನು ತಿರುಗಿಸಲು ಹೋದರೆ ತೂಕ ಇನ್ನಷ್ಟು ಹೆಚ್ಚುಕಡಿಮೆಯಾಗುತ್ತದೆ. ಕೈ ಸುಮ್ಮನಿರಬೇಕಾದ ಹೊತ್ತು ಯಾವುದೆಂದು ಹೇಳುವ ನಿಯಮ, ಕೈಚಳಕವಿಲ್ಲದ ನನ್ನಂಥವರಿಗೆ ದೊಡ್ಡ ಆಸರೆ. ಆದರೂ ಅದು ನನ್ನ ಖಾಯಂ ಜಾಗವಲ್ಲವೆಂದು ಬೇಗ ತೀರ್ಮಾನಿಸಿದೆ.

ಯಂತ್ರ ದುರಸ್ತಿ ವಿಭಾಗದಲ್ಲಿ ಕಳೆದ ಕಾಲವಂತೂ ನನಗೆ ಹೊಂದಲೇ ಇಲ್ಲ. ಅಲ್ಲಿಯೂ ವಿದ್ಯುತ್ತನ್ನು ಕಡಿದು ಬೀಗ ಹಾಕಿ, ಬೀಗಕ್ಕೆ ಹೆಸರಿನ ಚೀಟಿ ಕಟ್ಟಿ, ಆಮೇಲೆ ಯಂತ್ರ ಬಿಚ್ಚುವ ಕ್ರಮವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸುತ್ತಾರೆ. ಆದರೆ ಬೀಗ ಹಾಕಿದ ಮೇಲೆ ಶುರುವಾಗುವುದು ಊಹೆಯ ಕೆಲಸ: ಸದ್ದು ಎಲ್ಲಿಂದ, ಯಾವ ಬೇರಿಂಗ್, ಇದೋ ಅದೋ. ಒಂದು ಸಂಜೆ ಕೆಟ್ಟ ಯಂತ್ರದ ಸುತ್ತ ನಾಲ್ವರು ನಿಂತು ನಾಲ್ಕು ರೀತಿ ಹೇಳುತ್ತಿದ್ದಾಗ, ಅವರಲ್ಲಿ ಹಿರಿಯರ ಮುಖದಲ್ಲಿ ಹಬ್ಬದ ಕಳೆಯಿತ್ತು. ನನಗೆ ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು. ಜನರ ಸ್ವಭಾವ ಎಷ್ಟು ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಾಗಲಿಲ್ಲ.

ಪ್ಯಾಕಿಂಗ್ ವಿಭಾಗಕ್ಕೆ ನನ್ನನ್ನು ಗುಣಮಟ್ಟ ಪರಿಶೀಲಕರ ಸಹಾಯಕ್ಕೆಂದು ಕಳುಹಿಸಿದರು. ಇಲ್ಲಿಯ ಮುಖ್ಯ ಕೆಲಸ ಲೈನ್ ಕ್ಲಿಯರೆನ್ಸ್, ಅಂದರೆ ಪ್ಯಾಕಿಂಗ್ ಯಂತ್ರಗಳ ಸಾಲು ಖಾಲಿಯಾಗಿದೆಯೆಂದು ಖಚಿತಪಡಿಸುವುದು. ಒಂದು ಬ್ಯಾಚಿನ ಪ್ಯಾಕಿಂಗ್ ಮುಗಿದು ಇನ್ನೊಂದು ಆರಂಭವಾಗುವ ಮೊದಲು, ಹಿಂದಿನ ಬ್ಯಾಚಿನ ಒಂದು ಮಾತ್ರೆಯಾಗಲಿ, ಒಂದು ಚೂರು ಫಾಯಿಲ್ ಆಗಲಿ, ಒಂದು ರಟ್ಟಿನ ಪೆಟ್ಟಿಗೆಯಾಗಲಿ ಲೈನಿನಲ್ಲಿ ಉಳಿದಿಲ್ಲವೆಂದು ಪಟ್ಟಿ ಹಿಡಿದು ನೋಡಿ ಸಹಿ ಹಾಕಬೇಕು. ಒಂದು ಔಷಧದ ಪೆಟ್ಟಿಗೆಯೊಳಗೆ ಇನ್ನೊಂದು ಔಷಧದ ಮಾತ್ರೆಗಳ ಸ್ಟ್ರಿಪ್ ಸೇರಿಹೋದರೆ, ಅದನ್ನು ತೆರೆಯುವ ರೋಗಿಗೆ ಗೊತ್ತಾಗುವ ದಾರಿಯೇ ಇಲ್ಲ. ಮಾರುಕಟ್ಟೆಯಿಂದ ಇಡೀ ಬ್ಯಾಚನ್ನು ಹಿಂದಕ್ಕೆ ಕರೆಸಬೇಕಾಗುವ ಪ್ರಸಂಗಗಳಲ್ಲಿ ಇಂಥ ಅದಲುಬದಲಿಗೆ ದೊಡ್ಡ ಪಾಲಿದೆ.

ಒಂದು ರಾತ್ರಿ ಪಾಳಿಯಲ್ಲಿ ಲೈನು ಖಾಲಿಯಾಗಿ, ಒರೆಸಿ ಆಗಿತ್ತು. ಮುಂದಿನ ಬ್ಯಾಚಿನ ಫಾಯಿಲ್ ರೋಲು ಬಾಗಿಲ ಬಳಿ ಬಂದು ನಿಂತಿತ್ತು, ಮೇಲ್ವಿಚಾರಕರು ಗಡಿಯಾರ ನೋಡುತ್ತಿದ್ದರು. ಪಟ್ಟಿಯಲ್ಲಿದ್ದ ಹೆಜ್ಜೆಗಳಲ್ಲಿ ಒಂದು, ಪೆಟ್ಟಿಗೆ ಮಡಚುವ ಯಂತ್ರದ ಹೊರಗಿನ ಕವಚವನ್ನು ತೆಗೆದು ಒಳಗೆ ಟಾರ್ಚ್ ಹಾಕಿ ನೋಡುವುದು. ಕವಚಕ್ಕೆ ನಾಲ್ಕು ತಿರುಪುಗಳಿದ್ದವು, ಅವನ್ನು ಬಿಚ್ಚಲು ಹೊತ್ತು ಹಿಡಿಯುತ್ತದೆ, ಗಾಜಿನ ಕಿಟಕಿಯಿಂದಲೇ ಇಣುಕಿದರೆ ಎಲ್ಲ ಕಾಣುತ್ತದಲ್ಲ ಎಂದು ಮೇಲ್ವಿಚಾರಕರು ಹೇಳಿದರು. ಪಟ್ಟಿಯಲ್ಲಿ 'ತೆಗೆದು' ಎಂದೇ ಇತ್ತು. ಬಿಚ್ಚಿಸಿದೆ. ಪೆಟ್ಟಿಗೆಗಳನ್ನು ಹಿಡಿದು ಎಳೆಯುವ ರಬ್ಬರ್ ಹೀರುಬಟ್ಟಲುಗಳ ಕೆಳಗಿನ ಲೋಹದ ತಟ್ಟೆಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ, ಅಂಚು ಮಾತ್ರ ಕಾಣುವಂತೆ, ಮಡಚದ ಪೆಟ್ಟಿಗೆಯೊಂದು ನಿಂತಿತ್ತು. ಚಿಮುಟದಿಂದ ಎಳೆದಾಗ ಬಂದದ್ದು ಹಿಂದಿನ ಬ್ಯಾಚಿನದು. ಅದೇ ಔಷಧ, ಆದರೆ ಬೇರೆ ಪ್ರಮಾಣದ್ದು, ಬಣ್ಣದ ಪಟ್ಟಿಯಲ್ಲಿ ಬಿಟ್ಟರೆ ಬೇರಾವ ವ್ಯತ್ಯಾಸವೂ ಕಣ್ಣಿಗೆ ಥಟ್ಟನೆ ಬೀಳುವಂತಿರಲಿಲ್ಲ. ಹಿಂದಿನ ಬ್ಯಾಚಿನ ಲೆಕ್ಕದಲ್ಲಿ, ಕೊಟ್ಟ ಪೆಟ್ಟಿಗೆಗಳ ಸಂಖ್ಯೆಗೂ ಬಳಸಿದ, ತಿರಸ್ಕರಿಸಿದ, ಮರಳಿಸಿದ ಪೆಟ್ಟಿಗೆಗಳ ಮೊತ್ತಕ್ಕೂ ಒಂದರ ವ್ಯತ್ಯಾಸ ಬರುತ್ತಿತ್ತು, ಅದು ಅನುಮತಿಸಿದ ಮಿತಿಯೊಳಗೇ ಇದ್ದುದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಲೈನು ನಿಂತಿತು, ಕ್ರಮ ತಪ್ಪಿದ್ದನ್ನು ದಾಖಲಿಸುವ ಡೀವಿಯೇಷನ್ ವರದಿ ಬರೆದಾಯಿತು, ಬೆಳಿಗ್ಗೆಯ ಉತ್ಪಾದನೆಯ ಲೆಕ್ಕ ತಪ್ಪಿತು. ಮೇಲ್ವಿಚಾರಕರು ಆ ರಾತ್ರಿ ನನ್ನೊಡನೆ ಮಾತಾಡಲಿಲ್ಲ. ಮರುದಿನ ಹೀರುಬಟ್ಟಲುಗಳ ಕೆಳಗಿನ ಸಂದನ್ನು ಮುಚ್ಚಲು ಅವರೇ ಒಂದು ತಗಡಿನ ಪಟ್ಟಿ ಮಾಡಿಸಲು ಅರ್ಜಿ ಹಾಕಿದರು, ಅದಕ್ಕೆ ಅವರನ್ನು ಮೆಚ್ಚಬೇಕು.

ಕ್ರಮವನ್ನು ಇಷ್ಟಪಡುವುದೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ಹಲವರು ತಿಳಿದಿದ್ದಾರೆ. ಕಾರ್ಖಾನೆಯೊಳಗೆ ಇದು ಪೂರ್ತಿ ತಿರುಗುಮುರುಗು. ಯಾರು ಏನು ಹೇಳಿದರೂ ಸರಿಯೆನ್ನುವವರು ಗಡಿಯಾರಕ್ಕೆ ಹೆದರಿ ಹೆಜ್ಜೆ ಬಿಡುತ್ತಾರೆ. ಬರೆದ ಕ್ರಮಕ್ಕೆ ಅಂಟಿಕೊಂಡವರು ಕೆಲಸ ನಿಲ್ಲಿಸುವ ಕಷ್ಟವನ್ನು ಹೊರಲು ಸಿದ್ಧರಿರಬೇಕಾಗುತ್ತದೆ. ತರಬೇತಿಯಲ್ಲಿ ನಮಗೆ ಹೇಳಿದ ಡೆವನ್‌ಪೋರ್ಟ್ ಪ್ರಕರಣ ಇದಕ್ಕೆ ತಕ್ಕ ಉದಾಹರಣೆ. 1972ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಭಾಗದ ಆಸ್ಪತ್ರೆಯಲ್ಲಿ, ಬ್ಯಾಕ್ಟೀರಿಯಾ ಸೇರಿದ್ದ ಡೆಕ್ಸ್‌ಟ್ರೋಸ್ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟದ್ದರಿಂದ ರೋಗಿಗಳು ಸಾವಿಗೀಡಾದರು. ಬಾಟಲಿಗಳನ್ನು ಕ್ರಿಮಿಶುದ್ಧಗೊಳಿಸಿದ ಆಟೋಕ್ಲೇವ್ ಎಂಬ ಹಬೆಯ ಯಂತ್ರದ ಕೆಳಭಾಗದಲ್ಲಿ ಗಾಳಿ ಉಳಿದುಕೊಂಡು, ಅಲ್ಲಿದ್ದ ಬಾಟಲಿಗಳು ಬೇಕಾದಷ್ಟು ಬಿಸಿಯಾಗಿರಲಿಲ್ಲ. ಉಷ್ಣತೆ ದಾಖಲಿಸುವ ಉಪಕರಣ ಅದನ್ನು ತೋರಿಸಿತ್ತು. ಆದರೆ ಉಪಕರಣವೇ ಕೆಟ್ಟಿರಬೇಕೆಂದು ಭಾವಿಸಿ, ಬೇರೆ ಮಾಪಕದ ಅಂಕಿಯನ್ನು ನಂಬಿ ಮುಂದುವರಿದಿದ್ದರು. ಅಲ್ಲಿ ದುರುದ್ದೇಶ ಯಾರಿಗೂ ಇರಲಿಲ್ಲ. ಅಂಕಿಗೆ ಹೊಂದದ ಅಂಕಿ ಬಂದಾಗ ನಿಲ್ಲಬೇಕೆಂಬ ಅಭ್ಯಾಸ ಇರಲಿಲ್ಲ. ಮಾಪಕವೇ ಕೆಟ್ಟಿದೆ ಎಂಬ ಮಾತು ನನ್ನ ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಕೆಟ್ಟಿರಬಹುದು, ಆದರೆ ಕೆಟ್ಟಿದೆಯೆಂದು ಪರೀಕ್ಷಿಸಿ ಬರೆದು ತೋರಿಸುವ ತನಕ ಅದು ಹೇಳಿದ್ದೇ ನಿಜವೆಂದು ನಡೆಯಬೇಕು.

ಹಾಗೆಂದು ಬರೆದಿಟ್ಟದ್ದೆಲ್ಲ ಸರಿಯಾಗಿಯೇ ಇರುತ್ತದೆಂದು ನಾನು ಹೇಳುವುದಿಲ್ಲ. ಮಾತ್ರೆಗಳನ್ನು ಫಾಯಿಲಿನಲ್ಲಿ ಮುಚ್ಚುವ ಬ್ಲಿಸ್ಟರ್ ಯಂತ್ರದ ಶುಚಿಗೊಳಿಸುವ ಪಟ್ಟಿಯಲ್ಲಿ ಕೆಳಗಿನ ತಟ್ಟೆಯನ್ನು ಒರೆಸುವ ಹೆಜ್ಜೆ ಮೊದಲಿತ್ತು, ಮಾತ್ರೆ ಸುರಿಯುವ ಮೇಲಿನ ಹಾಪರ್ ಬಿಚ್ಚಿ ತೊಳೆಯುವ ಹೆಜ್ಜೆ ಆಮೇಲಿತ್ತು. ಹಾಪರ್ ಬಿಚ್ಚಿದಾಗ ಪುಡಿ ಕೆಳಗೆ ಉದುರುವುದರಿಂದ, ಒರೆಸಿದ ತಟ್ಟೆ ಮತ್ತೆ ಕೊಳೆಯಾಗುತ್ತಿತ್ತು. ಲೈನಿನ ಜನ ಬುದ್ಧಿವಂತರು. ಮೇಲಿನದನ್ನೇ ಮೊದಲು ಮಾಡಿ, ಕಾಗದದಲ್ಲಿ ಮಾತ್ರ ಬರೆದ ಕ್ರಮದಲ್ಲಿ ಗುರುತು ಹಾಕುತ್ತಿದ್ದರು. ಕೆಲಸ ಚೆನ್ನಾಗಿಯೇ ಆಗುತ್ತಿತ್ತು, ದಾಖಲೆ ಮಾತ್ರ ಸುಳ್ಳಾಗುತ್ತಿತ್ತು. ನನ್ನಂಥವರಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ, ಅದನ್ನು ತೆಗೆಯುವ ತನಕ ಸಮಾಧಾನವಿರುವುದಿಲ್ಲ. ಬದಲಾವಣೆ ಕೋರುವ ನಮೂನೆಯನ್ನು ಕೇಳಿ ಪಡೆದೆ. ಈಗಿರುವುದು ಏನು, ಬೇಕಾದದ್ದು ಏನು, ಏಕೆ, ಇದರಿಂದ ಬೇರೆ ಯಾವ ದಾಖಲೆ, ಯಾವ ಯಂತ್ರ, ಯಾವ ತರಬೇತಿಗೆ ತಾಗುತ್ತದೆ ಎಂದು ಅದರಲ್ಲಿ ಬರೆಯಬೇಕು. ಉತ್ಪಾದನೆ, ಎಂಜಿನಿಯರಿಂಗ್, ಗುಣಮಟ್ಟ ಮೂರೂ ವಿಭಾಗದವರು ಓದಿ ಅಭಿಪ್ರಾಯ ಬರೆಯಬೇಕು. ಒಬ್ಬರು ಹಾಪರಿನ ಜೊತೆಗೆ ಮಾತ್ರೆ ಇಳಿಯುವ ಜಾಡನ್ನೂ ಸೇರಿಸಬೇಕೆಂದರು, ಅದು ನನಗೆ ಹೊಳೆದಿರಲಿಲ್ಲ. ಹೊಸ ಆವೃತ್ತಿ ಸಿದ್ಧವಾಗಿ, ಮೂರೂ ಪಾಳಿಯವರಿಗೆ ತರಬೇತಿ ಕೊಟ್ಟು, ಜಾರಿಗೆ ಬರುವ ದಿನ ಗೊತ್ತುಮಾಡಿ, ಹಳೆಯ ಪ್ರತಿಗಳನ್ನು ಎಣಿಸಿ ಹಿಂದಕ್ಕೆ ಪಡೆಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಒಂದು ಸಾಲು ಮೇಲೆ ಕೆಳಗೆ ಮಾಡುವುದಕ್ಕೆ ಇಷ್ಟೆಲ್ಲವೇ ಎಂದು ನಕ್ಕವರಿದ್ದರು. ಇಡೀ ತರಬೇತಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಈ ಒಂದು ಸಾಲು. ನಿಯಮ ಪಾಲಿಸುವವರಿಗೆ ನಿಯಮ ತಿದ್ದುವ ದಾರಿಯೂ ನಿಯಮದೊಳಗೇ ಇರುವ ಜಾಗದಲ್ಲಿ ಮಾತ್ರ ಉಸಿರುಗಟ್ಟುವುದಿಲ್ಲ.

ಮಾತ್ರೆಗಳನ್ನು ಬೆಳಕಿನ ಮೇಜಿನ ಮೇಲೆ ಹರಿಯಬಿಟ್ಟು ಒಡೆದವನ್ನೂ ಕಲೆಯಿರುವವನ್ನೂ ಆರಿಸಿ ತೆಗೆಯುವ ಕೆಲಸ ಕ್ರಮಪ್ರಿಯರಿಗೆ ಸರಿಹೊಂದುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ನನ್ನ ಅನುಭವದಲ್ಲಿ ಹಾಗಾಗಲಿಲ್ಲ. ಅದರಲ್ಲಿ ಪಾಲಿಸಲು ಹೆಜ್ಜೆಗಳೇ ಇಲ್ಲ, ಬರಿಯ ನೋಟವಿದೆ. ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಡಿಯಾರದಂಥ ಫಲಕದ ಮುಳ್ಳಿನ ಅಪರೂಪದ ಜಿಗಿತವನ್ನು ಗುರುತಿಸಲು ಕೂರಿಸಿದವರ ಪತ್ತೆಯ ಸಾಮರ್ಥ್ಯ ಮೊದಲ ಅರ್ಧ ಗಂಟೆಯಲ್ಲೇ ಇಳಿಯತೊಡಗಿತ್ತು. ಇದು ಸೋಮಾರಿತನದ ಮಾತಲ್ಲ, ಮನುಷ್ಯರ ಗಮನ ಇರುವುದೇ ಹಾಗೆ. ಆದ್ದರಿಂದ ಒಳ್ಳೆಯ ಕಾರ್ಖಾನೆಗಳಲ್ಲಿ ಈ ಮೇಜಿನ ಮುಂದೆ ಒಬ್ಬರನ್ನೇ ಬಹಳ ಹೊತ್ತು ಕೂರಿಸುವುದಿಲ್ಲ, ಮತ್ತು ಎಷ್ಟೋ ಕಡೆ ಈ ಕೆಲಸ ಕ್ಯಾಮೆರಾಗಳ ಪಾಲಾಗಿದೆ. ಒಂದೇ ಚಲನೆ ಮರುಕಳಿಸುವ ಕೆಲಸ ಬೇರೆ, ಕ್ರಮಬದ್ಧವಾದ ಕೆಲಸ ಬೇರೆ. ಉದ್ಯೋಗದ ಜಾಹೀರಾತುಗಳು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತವೆ.

ಖಾಯಂ ಜಾಗ ಕೇಳುವ ಸಮಯ ಬಂದಾಗ ನಾನು ಕೇಳಿದ್ದು ಉತ್ಪಾದನೆಯ ನಡುವೆಯೇ ನಿಂತು ಪರಿಶೀಲಿಸುವ ಗುಣಮಟ್ಟ ವಿಭಾಗದ ಕೆಲಸವನ್ನು, ಸಿಕ್ಕಿದ್ದೂ ಅದೇ. ತೂಗುವ ಕೋಣೆಯಲ್ಲಿ ಪರಿಶೀಲಕರ ಸಹಿ, ಲೈನ್ ಕ್ಲಿಯರೆನ್ಸ್, ಬ್ಯಾಚ್ ದಾಖಲೆಯ ಪುಟಪುಟದ ತಪಾಸಣೆ, ಇವಿಷ್ಟರಲ್ಲಿ ನನ್ನ ಪಾಳಿ ಕಳೆಯುತ್ತದೆ. ಇದರ ಕಷ್ಟಗಳನ್ನು ಮರೆಮಾಚುವಂತಿಲ್ಲ. ಪಾಳಿ ಬದಲಾದಂತೆ ನಿದ್ದೆ ಏರುಪೇರಾಗುತ್ತದೆ, ಗಂಟೆಗಟ್ಟಲೆ ನಿಂತಿರಬೇಕಾಗುತ್ತದೆ, ಮುಖಗವಸಿನೊಳಗಿಂದ ಆಡಿದ ಮಾತು ಅರ್ಧ ಕೇಳಿಸುವುದಿಲ್ಲ. ಲೈನ್ ನಿಲ್ಲಿಸುವವರಿಗೆ ಊಟದ ಮೇಜಿನಲ್ಲಿ ಗೆಳೆಯರು ಕಡಿಮೆ. ಕಾಗದದ ದಾಖಲೆಯ ಜಾಗಕ್ಕೆ ವಿದ್ಯುನ್ಮಾನ ದಾಖಲೆ ಬಂದ ಮೇಲೆ, ತಕ್ಕಡಿಯ ಅಂಕಿ ನೇರವಾಗಿ ಗಣಕಕ್ಕೆ ಹೋಗುತ್ತದೆ, ಹಿಂದಿನ ಹೆಜ್ಜೆ ಮುಗಿಯದೆ ಮುಂದಿನ ಪರದೆ ತೆರೆಯುವುದೇ ಇಲ್ಲ. ನಾವು ಮನಸ್ಸಿನಿಂದ ಪಾಲಿಸುತ್ತಿದ್ದ ಕ್ರಮವನ್ನು ಈಗ ತಂತ್ರಾಂಶ ಬಲವಂತದಿಂದ ಪಾಲಿಸುವಂತೆ ಮಾಡುತ್ತದೆ. ನಮ್ಮ ಪಾಲಿಗೆ ಉಳಿಯುವುದು ತಂತ್ರಾಂಶಕ್ಕೆ ಕಾಣದ ಸಂದುಗೊಂದುಗಳು.

ಔಷಧವೇ ಆಗಬೇಕೆಂದಿಲ್ಲ. ಅಳತೆಯ ಉಪಕರಣಗಳನ್ನು ಮೂಲ ಪ್ರಮಾಣದೊಂದಿಗೆ ಹೋಲಿಸಿ ಪ್ರಮಾಣಪತ್ರ ಕೊಡುವ ಕ್ಯಾಲಿಬ್ರೇಷನ್ ಕೋಣೆ ಇಂಥವರಿಗೆ ಒಳ್ಳೆಯ ಜಾಗ. ಅಲ್ಲಿ ಉದ್ದದ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಆಧಾರ ಉಷ್ಣತೆ ಕೂಡ ಅಂತರರಾಷ್ಟ್ರೀಯವಾಗಿ ಗೊತ್ತಾಗಿದೆ. ವೈದ್ಯಕೀಯ ಉಪಕರಣಗಳ ಕ್ರಿಮಿಶುದ್ಧೀಕರಣ, ಒಳಬರುವ ಬಿಡಿಭಾಗಗಳ ತಪಾಸಣೆ, ವಿಮಾನದ ಬಿಡಿಭಾಗಗಳ ಜೋಡಣೆ, ಆಹಾರ ಸಂಸ್ಕರಣೆಯಲ್ಲಿ ಉಷ್ಣತೆ ಮತ್ತು ಸಮಯದ ನಿಗಾ, ದಾಖಲೆಗಳ ನಿಯಂತ್ರಣ, ಇವೂ ಅದೇ ಜಾತಿಯವು. ಹೊಸ ಮಾದರಿ ತಯಾರಿಸುವ ವಿಭಾಗ, ಪ್ರಾಯೋಗಿಕ ಘಟಕ, ತುರ್ತು ದುರಸ್ತಿ, ಇವುಗಳಿಂದ ದೂರವಿರುವುದು ಲೇಸು.

ಸಂದರ್ಶನಕ್ಕೆ ಹೋಗುವವರು ತಾವೂ ಕೆಲವು ಪ್ರಶ್ನೆ ಕೇಳಬೇಕೆಂದು ನಾನು ಹೇಳುತ್ತೇನೆ. ನಾನು ಮಾಡಬೇಕಾದ ಕೆಲಸದ ಕಾರ್ಯವಿಧಾನದ ಕೊನೆಯ ಪರಿಷ್ಕರಣೆ ಯಾವಾಗ ಆಯಿತು ಎಂದು ಕೇಳಿ. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿಲ್ಲವಾದರೆ, ಅಲ್ಲಿ ಬರೆದದ್ದು ಒಂದು, ನಡೆಯುವುದು ಒಂದು ಆಗಿರುವ ಸಾಧ್ಯತೆ ಹೆಚ್ಚು. ಹೆಜ್ಜೆಯೊಂದು ತಪ್ಪೆಂದು ಕಂಡರೆ ಕೆಲಸಗಾರರು ಅದನ್ನು ಯಾರಿಗೆ, ಯಾವ ನಮೂನೆಯಲ್ಲಿ ತಿಳಿಸುತ್ತಾರೆ ಎಂದು ಕೇಳಿ. ಲೈನ್ ನಿಲ್ಲಿಸುವ ಅಧಿಕಾರ ಯಾರಿಗಿದೆ, ಇತ್ತೀಚೆಗೆ ಅದನ್ನು ಯಾರು ಬಳಸಿದರು, ಆಮೇಲೆ ಏನಾಯಿತು ಎಂದೂ ಕೇಳಬಹುದು. ಸಾಧ್ಯವಾದರೆ, ಕೆಲಸದ ಜಾಗವನ್ನು ತೋರಿಸುವಾಗ, ಅಲ್ಲಿ ತುಂಬುತ್ತಿರುವ ದಾಖಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ: ಹನ್ನೊಂದು ಗಂಟೆಗೆ ಹನ್ನೆರಡು ಗಂಟೆಯ ಅಂಕಿ ಆಗಲೇ ತುಂಬಿದ್ದರೆ, ಬೇರೆ ಕಡೆ ಕೆಲಸ ಹುಡುಕಿ.